ಎಡಗೈಯ ಗಂಟು

ಮಳೆಗಾಲ ಮುಗಿದಿತ್ತು. ದೋಣಿಗಳು ಕಡಲಿಗಿಳಿಯಲು ಇನ್ನು ನಾಲ್ಕೇ ದಿನ. ಊರೂರ ಬಲೆಗಳೆಲ್ಲ ಮರಳಿನ ಮೇಲೆ ಹರಡಿಕೊಂಡಿದ್ದವು. ಗಂಡಸರು ಕಾಲ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹರಿದಲ್ಲಿ ಹೆಣೆಯುತ್ತಿದ್ದರು. ಬಾಡಿಗೆ ಕಾರಿನ ಚಾಲಕ ಬೆಳಗಿನಿಂದ ಮೂರನೇ ಸಲ ಬ್ರೇಕ್ ಒತ್ತಿದ.

“ಅಲ್ಲಿ ನೋಡಿ ಅಮ್ಮಾ, ಡಾಲ್ಫಿನ್! ಇದನ್ನ ನೋಡೋಕೇ ಜನ ಎಲ್ಲೆಲ್ಲಿಂದಲೋ ಬರ್ತಾರೆ.”

ಹಿಂದಿನ ಸೀಟಿನ ಹೆಂಗಸು ಕಡಲ ಕಡೆ ಕತ್ತನ್ನೂ ಹೊರಳಿಸಲಿಲ್ಲ. “ಕೆಳಗೆ ಬಲೆ ಹರಡಿದ್ದಾರೆ. ಇಳೀತೀನಿ.”

ಆಕೆ ಕುಕ್ಕುರುಗಾಲಲ್ಲಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ಬಲೆಯ ಮೇಲೆ ಬೆರಳಾಡಿಸಿದಳು. ಕೈ ಕೊಡವಿಕೊಂಡು ವಾಪಸು ಬಂದಳು.

“ಬಲೆ ವ್ಯಾಪಾರಾನಾ ಅಮ್ಮಾ?”

“ವ್ಯಾಪಾರದವಳಾಗಿದ್ರೆ ನೀನು ಹೇಳಿದ ಬಾಡಿಗೆಗೆ ಹ್ಞೂಂ ಅಂತಿದ್ನಾ?”

ಅವನು ನಕ್ಕ. ಆಕೆ ನಗಲಿಲ್ಲ. ಒಂದು ತಿರುವು ಕಳೆದ ಮೇಲೆ ತಾನಾಗಿಯೇ ಬಾಯಿಬಿಟ್ಟಳು. ಎಂಟು ವರ್ಷದ ಹಿಂದೆ ಗಂಡನ ದೋಣಿ ಬಂಡೆಗೆ ಬಡಿದು ಹೋಳಾಗಿ ಸಿಕ್ಕಿತ್ತು. ಅವನೂ ಸಿಗಲಿಲ್ಲ, ಬಲೆಯೂ ಸಿಗಲಿಲ್ಲ.

“ಅವತ್ತು ಬೆಳಿಗ್ಗೆ ಜಗಳ ಆಗಿತ್ತಪ್ಪ. ‘ಹೋಗಿ, ಹೋದವರು ಹಾಗೇ ಹೋಗಿ’ ಅಂದುಬಿಟ್ಟೆ. ಹೆಂಡತಿ ಬಾಯಲ್ಲಿ ಬರೋ ಮಾತಾ ಅದು? ಕಡಲಲ್ಲ, ಆ ಮಾತೇ ಅವರನ್ನ ನುಂಗಿದ್ದು.”

“ಈಗ ಬಲೆ ಯಾಕಮ್ಮಾ?”

“ತೇಲಿ ಬಂದ ಬಲೇನ ಯಾರೂ ಎಸೆಯಲ್ಲ. ತಮ್ಮದಕ್ಕೆ ಸೇರಿಸಿ ಹೆಣೀತಾರೆ. ನಮ್ಮವರು ಎಡಚರು. ಗಂಟು ಉಲ್ಟಾ, ಸಾಲದ್ದಕ್ಕೆ ಒಂದು ಸುತ್ತು ಜಾಸ್ತಿ. ಸಾವಿರ ಗಂಟಿದ್ರೂ ನನ್ನ ಬೆರಳಿಗೆ ಗೊತ್ತಾಗುತ್ತೆ. ಒಂದು ಗೇಣು ಸಿಕ್ಕಿದ್ರೆ ಸಾಕು. ಅದರ ಮುಂದೆ ಕೂತು ತಪ್ಪಾಯ್ತು ಅಂತೀನಿ.”

ಆಮೇಲೆ ಚಾಲಕ ಆಮೆ ತೋರಿಸಲಿಲ್ಲ, ಕಡಲ ಹದ್ದು ತೋರಿಸಲಿಲ್ಲ. ತಾನೂ ಬಲೆಗಳನ್ನೇ ಹುಡುಕತೊಡಗಿದ.

ರಸ್ತೆ ಮುಗಿಯುವಲ್ಲಿ ಹತ್ತು ಹನ್ನೆರಡು ಮನೆಗಳ ಕೊನೆಯ ಊರು. ಅಂಚಿನ ಮನೆಯಂಗಳದಲ್ಲಿ ಅರ್ಧ ಹೆಣೆದ ಬಲೆ ಗೂಟಕ್ಕೆ ತೂಗುತ್ತಿತ್ತು. ಚಿಕ್ಕ ವಯಸ್ಸಿನ ಗೃಹಿಣಿಯೊಬ್ಬಳು ಒಣಮೀನು ಮಗುಚುತ್ತಿದ್ದಳು. ಆರು ವರ್ಷದ ಮಗಳು ಎಡಗೈ ಬೀಸಿ ಕಾಗೆಗಳಿಗೆ ಕಲ್ಲು ಹೊಡೆಯುತ್ತಿದ್ದಳು.

ಕಾರಿನಿಂದ ಇಳಿದು ಕೂತು ಬಲೆಯ ಮೇಲೆ ಓಡಿಸುತ್ತಿದ್ದ ಆಕೆಯ ಬೆರಳುಗಳು ಗಕ್ಕನೆ ನಿಂತವು.

“ಸಿಕ್ತಾ ಅಮ್ಮಾ?”

ಆಕೆ ತಲೆಯಾಡಿಸಿದಳು. ಮುಖ ಹುಡುಗಿಯ ಮುಖದಂತೆ ಅರಳಿತು. ಗಂಟನ್ನು ಕಣ್ಣ ಹತ್ತಿರ ತಂದಳು. ಹಾಗೇ ಹಿಡಿದು ಬಹಳ ಹೊತ್ತು ಕೂತಳು.

“ಯಾರಕ್ಕಾ ನೀವು?” ಗೃಹಿಣಿ ಎದ್ದು ಬಂದಳು. “ಬಿಸಿಲಲ್ಲಿ ಕೂತಿದ್ದೀರಲ್ಲ, ಒಳಗೆ ಬನ್ನಿ, ನೀರು ಕೊಡ್ತೀನಿ. ನಮ್ಮನೆಯವರು ಸೌದೆಗೆ ಹೋಗಿದ್ದಾರೆ, ಬರೋ ಹೊತ್ತಾಯ್ತು.”

“ಬೇಡ ತಾಯಿ. ದಾರಿ ದೂರ ಇದೆ.”

ಮಗುವಿನ ತಲೆ ಸವರಿ ಆಕೆ ಕಾರಿನತ್ತ ಬಿರಬಿರನೆ ನಡೆದಳು. ಚಾಲಕ ಹಿಂದೆಯೇ ಓಡಿದ.

“ಒಂದು ಗೇಣು ಕೇಳಿದ್ರೆ ಇಲ್ಲ ಅಂತಿರಲಿಲ್ಲ ಅಮ್ಮಾ. ನಾನು ಕೇಳ್ಲಾ?”

“ಬೇಡ. ಅವರು ಬರೋದ್ರೊಳಗೆ ಗಾಡಿ ತೆಗಿ.”

ಅವನು ಗಾಡಿ ಏರು ಹತ್ತಿಸಿದ. ಕನ್ನಡಿಯಲ್ಲಿ ಆಕೆಯ ಮುಖ ನೋಡಲಾಗದೆ ಸಮಾಧಾನ ಹೇಳಿದ. “ಕೈಯಾರೆ ಮುಟ್ಟಿದ್ರಲ್ಲ, ಋಣ ತೀರಿತು ಅಂದ್ಕೊಳ್ಳಿ. ಗಂಟು ಅವರದೇ ತಾನೇ?”

“ಅವರದೇ. ದಾರ ಮಾತ್ರ ಹೊಸದಪ್ಪ. ಇನ್ನೂ ನೀರು ಕಂಡಿಲ್ಲ.”