ಏನಾಗಬೇಕು ಎಂದು ಕೇಳುವ ಬಂದೂಕು

ಸುಗ್ಗಿ ಮುಗಿದಿತ್ತು, ಬೆಳಗಿನ ಅಂಬಲಿ ಹೊತ್ತು. ಸರ್ಕಾರದ ಸಾಹೇಬ ಬಂದು, ಹೊಳೆಯ ಈಚೆ ದಡದವರನ್ನೆಲ್ಲ ಕಾವಲುಪಡೆ ಎಂದು ಕರೆದು, ತಲೆಗೊಂದು ಬಂದೂಕು ಕೊಟ್ಟು, ಆಚೆ ದಡದವರನ್ನು ಹೊಡೆಯಿರಿ ಎಂದ. ನೀರಿನ ಸರದಿಗಾಗಿ ಎರಡು ದಡದವರೂ ದಿನಾ ಬೈದಾಡುವುದನ್ನು ಕೇಳಿ, ಇವರು ಹುಟ್ಟಾ ವೈರಿಗಳು ಎಂದುಕೊಂಡಿದ್ದ. ಆ ಸೀಮೆಯಲ್ಲಿ ಹಾಗೆ ಬೈದಾಡುವವರು ಬೀಗರು ಮಾತ್ರ.

ಈಚೆ ದಡದವರಲ್ಲಿ ಮೊದಲು ಬೆಳ್ಳಯ್ಯ ಗುರಿ ಹಿಡಿದ. ಆಚೆ ದಡದಲ್ಲಿ ಚಿಕ್ಕಣ್ಣ ಎಮ್ಮೆ ತೊಳೆಯುತ್ತಿದ್ದ. ಎಲ್ಲ ಬಂದೂಕುಗಳಂತೆ ಇದೂ ಮೊದಲು ಕೇಳಿತು: "ಎದುರಿಗಿರೋನು ನಿಂಗೇನಾಗ್ಬೇಕು?" ಯಾರೂ ಅಲ್ಲ ಎಂದರಷ್ಟೇ ಗುಂಡು ಹಾರುತ್ತಿತ್ತು.

"ನಮ್ಮಕ್ಕನ ಮಗ. ಮಗಳನ್ನೂ ಕೊಟ್ಟಿದ್ದೀನಿ," ಎಂದ ಬೆಳ್ಳಯ್ಯ. ಬಂದೂಕು ತೆಪ್ಪಗಾಯಿತು.

"ಯಾರೂ ಅಲ್ಲ ಅನ್ನು," ಸಾಹೇಬ ಗದರಿದ. "ಇಲ್ದಿದ್ರೆ ನೀನೂ ಆಚೆಯವನೇ. ನಿನ್ನ ಮನೆಗೂ ಬೆಂಕಿ ಬೀಳತ್ತೆ."

ಬೆಳ್ಳಯ್ಯ ಬಂದೂಕನ್ನು ಸಾಹೇಬನ ಕೈಗೆ ಚಾಚಿದ. "ಬದುಕಿರೋ ಅಳಿಯನ್ನ ಹಂಗಂದು ಮಗಳ ಮುಖ ಹೆಂಗೆ ನೋಡ್ಲಿ ಸ್ವಾಮಿ? ನಿಮಗವನು ಯಾರೂ ಅಲ್ವಲ್ಲ, ನೀವೇ ಹೊಡೀರಿ."

ಸಾಹೇಬ ಕೈ ಹಿಂದಕ್ಕೆಳೆದುಕೊಂಡ. "ನಾನು ಹೊಡೆದ್ರೆ ಸರ್ಕಾರ ಹೊಡೆದಂಗಾಗತ್ತೆ. ನೀವ್ನೀವೇ ಹೊಡೆದಾಡ್ಕೊಂಡ್ರಿ ಅಂತಾಗ್ಬೇಕು."

ಅಷ್ಟರಲ್ಲಿ ಚಿಕ್ಕಣ್ಣ ಆಚೆಯಿಂದ ಕೂಗಿದ: "ಏ ಮುದಿ ಮಾವ, ಆ ಕೋಲು ಕೆಳಗಿಟ್ಟು ನೀರು ಬಿಡು."

"ನಿನ್ನ ಮುಖಕ್ಕೆ ನೀರೊಂದು ಕೇಡು," ಎಂದು ಬೆಳ್ಳಯ್ಯ ಬಂದೂಕು ಕೆಳಗಿಟ್ಟ. ದಡಕ್ಕೆ ದಡವೇ ನಕ್ಕಿತು.

ಉಳಿದವರ ಬಂದೂಕುಗಳಿಗೂ ಭಾವ, ಷಡ್ಡಕ, ಸೋದರತ್ತೆ ಎಂಬ ಉತ್ತರಗಳೇ ಸಿಕ್ಕವು. ಬೆಂಕಿ ಹಚ್ಚಲೂ ಸಾಹೇಬನಿಗೆ ಆ ಊರಿನವರೇ ಬೇಕಿತ್ತು, ಒಬ್ಬರೂ ಏಳಲಿಲ್ಲ. ಕೊನೆಗೆ ಅವನು ಬಂದೂಕುಗಳನ್ನು ಹೇರಿಸಿಕೊಂಡು, ಒಬ್ಬರಿಗೊಬ್ಬರು ಏನೂ ಆಗದ ಊರನ್ನು ಹುಡುಕುತ್ತ ಹೊರಟುಹೋದ.