ಕೋಲು ಹಿಡಿದ ಇಮೋಜಿ

ಅಂಧರ ಬಿಳಿ ಕೋಲಿನ ದಿನಾಚರಣೆಗೆ ನಾಲ್ಕು ದಿನ ಉಳಿದಿತ್ತು. ಕಚೇರಿಯಲ್ಲಿ ಕಣ್ಣು ಕಾಣದವಳು ವಾರಿಜಾ ಒಬ್ಬಳೇ. ಈ ಸಲವಾದರೂ ತನಗೆ ಐದು ನಿಮಿಷ ಮಾತಾಡಲು ಬಿಡಿ ಎಂದು ಕೇಳಿದಳು.

"ನಿಮಗ್ಯಾಕಮ್ಮ ಆ ತಾಪತ್ರಯ? ಮಾತೆಲ್ಲ ನನಗೆ ಬಿಡಿ," ಎಂದರು ಮ್ಯಾನೇಜರು. "ಶಾಲು ಹೊದಿಸ್ತೀವಿ, ನಗ್ತಾ ಕೂತಿರಿ ಸಾಕು. ನಿಮ್ಮವರ ಕಷ್ಟ ಕೇಳಿದವರ ಕಣ್ಣಲ್ಲಿ ನೀರು ಬರಬೇಕು. ಅದಕ್ಕೆಲ್ಲ ಅನುಭವ ಬೇಕಾಗುತ್ತೆ."

ಸುತ್ತ ಕೂತವರು ಹೌದು ಹೌದು ಎಂದರು.

"ಬ್ಯಾನರಿಗೆ ಇಮೋಜಿ ಕೂಡ ನಾನೇ ಆರಿಸಿದೀನಿ. ಕೋಲು ಹಿಡಿದು ನಿಂತಿರೋ ಕುರುಡ. ನಿಮ್ಮ ಫೋನಿಗೂ ಕಳಿಸಿದೀನಿ, ನೋಡಿ. ಅಯ್ಯೋ, ನೀವೆಲ್ಲಿ ನೋಡ್ತೀರಿ!"

ಎಲ್ಲರೂ ನಕ್ಕರು. ಪರದೆಯ ಮೇಲೆ ಬೆರಳಿಟ್ಟರೆ ಅಲ್ಲಿರುವುದನ್ನು ವಾರಿಜಾಳ ಫೋನು ಓದಿ ಹೇಳುತ್ತಿತ್ತು. ಅವಳು ಅದನ್ನು ಕಿವಿಗೆ ಹಿಡಿದು, ಬಂದ ಇಮೋಜಿಯನ್ನು ಮುಟ್ಟಿದಳು.

"ಸರ್, ಇದರ ಬಗ್ಗೆ ಒಂದು ಮಾತು..."

"ಮತ್ತೆ ಮಾತು! ಚೆನ್ನಾಗಿದೆಯೋ ಇಲ್ವೋ, ಅಷ್ಟು ಹೇಳಮ್ಮ. ಪ್ರಿಂಟಿನವನು ಕಾಯ್ತಿದಾನೆ. ಜಿಲ್ಲಾಧಿಕಾರಿಗಳು ಬರೋ ಕಾರ್ಯಕ್ರಮ ಇದು."

"ತುಂಬಾ ಚೆನ್ನಾಗಿದೆ ಸರ್. ಆಳೆತ್ತರಕ್ಕೆ ಹಾಕಿಸಿ. ಆರಿಸಿದವರು ನೀವೇ ಅಂತ ಕೆಳಗೆ ನಿಮ್ಮ ಹೆಸರೂ ಇರಲಿ."

ಮ್ಯಾನೇಜರು ಹಿಗ್ಗಿ ಪ್ರಿಂಟಿನವನಿಗೆ ಫೋನು ಹಚ್ಚಿದರು.

ವಾರಿಜಾ ಇಮೋಜಿಯನ್ನು ಇನ್ನೊಮ್ಮೆ ಮುಟ್ಟಿದಳು. ಫೋನು ಅವಳ ಕಿವಿಯಲ್ಲಿ ಮತ್ತದನ್ನೇ ಹೇಳಿತು: "ಗಾಲ್ಫ್ ಆಡುತ್ತಿರುವ ಪುರುಷ."