ತಿಯೋಜೀನನ ಹೊಸ ಹಲ್ಲು

"ಬಾಯಿ ತೆಗೀರಿ ಯಜಮಾನ್ರೇ, ನಾಚ್ಕೋಬೇಡಿ," ಎಂದು ವೆಂಡೆಲ್ ಹಲ್ಲಿನ ಸೆಟ್ಟನ್ನು ಮುಂದೆ ಹಿಡಿದಾಗ ತಿಯೋಜೀನನಿಗೆ ತಪ್ಪಿಸಿಕೊಳ್ಳಲು ದಾರಿಯೇ ಉಳಿಯಲಿಲ್ಲ.

ಈವರೆಗೆ ಅವನನ್ನು ಕಾಪಾಡಿದ್ದು ಬೋಳು ಒಸಡು. ಜಾಝ್ ವಾದಕರ ಫೋಟೋ ತೆಗೆದು ಶಿಕಾಗೋದ ಪತ್ರಿಕೆಗೆ ಬರೆಯುವ ಈ ವೆಂಡೆಲ್ ಮೊದಲ ಸಲ ಲೂಯಿಸಿಯಾನದ ಈ ಕಬ್ಬಿನ ಊರಿಗೆ ಬಂದಾಗ, "ಹಲ್ಲಿಲ್ದೆ ಈ ಕಾರ್ನೆಟ್ ತುತ್ತೂರಿ ಊದೋದು ಹೇಗಪ್ಪ?" ಎಂದು ಮುದುಕ ಕೈಚೆಲ್ಲಿದ್ದ. ಪೀಡೆ ತೊಲಗಿತು ಅಂದುಕೊಂಡರೆ ಆಸಾಮಿ ದಂತವೈದ್ಯನನ್ನೇ ಕರೆತಂದು ಒಸಡಿನ ಅಚ್ಚು ತೆಗೆಸಿದ್ದ.

ಹಲ್ಲು ಕೂತಿತು. ಹಾಳಾದ್ದು, ಚೆನ್ನಾಗಿಯೇ ಕೂತಿತು.

"ಕಾರ್ನೆಟ್ ಹಿಡ್ಕೊಂಡು ನಿಂತ ಬೊಂಬೆ ಫೋಟೋ ನಾನು ತೆಗೆಯಲ್ಲ," ಎಂದ ವೆಂಡೆಲ್, ಕ್ಯಾಮೆರಾ ಸರಿಮಾಡುತ್ತ. "ಊದೋವಾಗಿನ ತುಟಿ ಬೇಕು ನಂಗೆ."

ಊರಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು. ಶನಿವಾರ ಸಂಜೆ ತಿಯೋಜೀನನ ಮನೆಯ ಮುಚ್ಚಿದ ಕಿಟಕಿಯಿಂದ ಬರುತ್ತಿದ್ದಂಥ ಕಾರ್ನೆಟ್ ನ್ಯೂ ಆರ್ಲಿಯನ್ಸ್‌ನಲ್ಲೂ ಇಲ್ಲ. ಎರಡು ವರ್ಷದ ಹಿಂದೆ ಮುದುಕನ ಹಲ್ಲು ಉದುರಿತು, ಮನೆ ಮೂಕವಾಯಿತು. ಕಿಟಕಿ ಯಾಕೆ ಮುಚ್ಚಿರುತ್ತಿತ್ತೆಂದು ಯಾರೂ ಕೇಳಲಿಲ್ಲ. ಹಳೇ ವಾದಕರು ಬೆರಳಿನ ಓಟವನ್ನು ಬೇರೆಯವರು ಕದ್ದಾರೆಂದು ಕೈಗೆ ಕರವಸ್ತ್ರ ಹೊದಿಸಿ ಊದುತ್ತಿದ್ದರು. ತಿಯೋಜೀನನದು ಅದಕ್ಕಿಂತ ಒಂದು ಕೈ ಮೇಲೆ ಎಂದು ಊರವರು ಅಂದುಕೊಂಡಿದ್ದರು, ಅಷ್ಟೆ.

ಇವತ್ತು ನಿಜ ಹೊರಬಿದ್ದರೆ? ಅವನ ಹೆಸರು ಹೋಗಲಿ, ಹೆಂಡತಿ ಓಡಿಲ್ ಚರ್ಚಿನಲ್ಲಿ ಮತ್ತೆ ತಲೆಯೆತ್ತುವಂತಿಲ್ಲ. ಬಿಳಿ ಉಡುಪು ತೊಟ್ಟು ಮುಂದಿನ ಬೆಂಚಲ್ಲಿ ಕೂರುವ ಹಿರಿಯಳು ಅವಳು. ಪಾದ್ರಿಯೋ ಬಲು ಬಿಗಿ. ಪಿಯಾನೋದಲ್ಲಿ ದೇವರ ಹಾಡು ಬಿಟ್ಟು ಬ್ಲೂಸ್ ನುಡಿಸಿದಳೆಂದು ಒಡಹುಟ್ಟಿದ ತಂಗಿಯನ್ನೇ ಸಭೆಯಿಂದ ಹೊರಹಾಕಿದವನು.

"ಅಮ್ಮಾ, ನೀವೂ ಕೂತ್ಕೊಂಡು ಕೇಳಿ," ಎಂದ ವೆಂಡೆಲ್.

"ಆ ಸೈತಾನನ ಪೀಪೀನಾ? ನಾನೊಲ್ಲೆ!" ಹಿಂದೊಮ್ಮೆ ಬಿಸಿ ಕಾಫಿ ಸುಟ್ಟಿತೆಂದು ಹೇಳುವ ಮೇಲ್ತುಟಿಯ ಕಪ್ಪು ಕಲೆಯನ್ನು ಸವರಿಕೊಳ್ಳುತ್ತ ಓಡಿಲ್ ಎದ್ದಳು. "ಲೇ ಮುದುಕಾ, ನಿನ್ನ ಹಲ್ಲು, ನಿನ್ನ ಪಾಡು. ನಾನು ಕೋಳಿಗೆ ಕಾಳು ಹಾಕೋಕೆ ಹೋದೆ." ಹಿತ್ತಲಿನ ಬಾಗಿಲು ಧಡಾರನೆ ಬಡಿದುಕೊಂಡಿತು.

"ಕೋಪ ಬಂತೇನೋ," ಎಂದ ವೆಂಡೆಲ್.

"ಅವಳಿಗಾ? ಎರಡು ವರ್ಷದಿಂದ ಹಿಂಗೇ ಸಿಡಿಮಿಡಿ." ತಿಯೋಜೀನ್ ಕಾರ್ನೆಟ್ ಎತ್ತಿಕೊಂಡ. "ನಾನು ಕೋಣೇಲಿ, ಬಾಗಿಲು ಹಾಕ್ಕೊಂಡೇ. ಅದು ನಮ್ಮನೆ ಪದ್ಧತಿ."

"ಮತ್ತೆ ನನ್ನ ಫೋಟೋ?"

"ಮೊದ್ಲು ಕೇಳಯ್ಯ. ಆಮೇಲೆ ನೋಡಾಣ."

ಹಿತ್ತಲಿಗೆ ಅಂಟಿಕೊಂಡ ಆ ಕೋಣೆಗೆ ಚಿಲಕವಿಲ್ಲ. ಬಾಗಿಲು ಮುಚ್ಚಿ ಅವನು ಅದಕ್ಕೇ ಬೆನ್ನು ಕೊಟ್ಟು ನಿಂತ.

ಮೊದಲ ಸ್ವರ ತುಕ್ಕುಹಿಡಿದ ನಲ್ಲಿಯಂತೆ ಗೊರಗೊರ ಎಂದಿತು. ಆಮೇಲೆ ಕಟ್ಟಿ ಹಾಕಿದ್ದ ಕುದುರೆಯನ್ನು ಬಿಚ್ಚಿಬಿಟ್ಟಂತೆ ಹೊರಟಿತು ನೋಡಿ. ಅಳಿಸಿತು, ಮರುಕ್ಷಣ ಕಾಲು ಕುಣಿಸಿತು. ಬೀದಿಯಲ್ಲಿ ಹೋಗುತ್ತಿದ್ದವರು ಬೇಲಿಗೆ ಆತುಕೊಂಡರು. "ಕೇಳ್ರೋ, ಮುದುಕನಿಗೆ ಹಲ್ಲು ಬಂತು!"

ವೆಂಡೆಲ್ ಕ್ಯಾಮೆರಾ ಎತ್ತಿಕೊಂಡ. ಇಂಥ ತುಟಿಯನ್ನು ಬಿಟ್ಟು ಹೋಗುವುದುಂಟೆ? ಬಾಗಿಲಿಗೆ ಭುಜ ಕೊಟ್ಟು ದೂಡಿದ. ಅದು ಎರಡು ಬೆರಳಷ್ಟು ಸರಿದು, ಒಳಗಿನ ಭಾರಕ್ಕೆ ಮತ್ತೆ ಮುಚ್ಚಿಕೊಂಡಿತು.

"ಯಜಮಾನ್ರೇ, ಒಂದೇ ಒಂದು ಫೋಟೋ! ಬೇಡ ಅಂದ್ರೆ ಬೇಡ ಅಂತ ಬಾಯ್ಬಿಟ್ಟು ಹೇಳಿ, ಹೊರಟುಹೋಗ್ತೀನಿ!"

"ಬೇಡ" ಎನ್ನಲು ಬಾಯಿ ತೆರೆದ ತಿಯೋಜೀನ್ ತಟಕ್ಕನೆ ಎರಡೂ ಕೈಯಿಂದ ಅದನ್ನು ಮುಚ್ಚಿಕೊಂಡ. ಹಿತ್ತಲ ಕಡೆಯಿಂದ ಒಳಬಂದು ಮಂಚದ ಅಂಚಿನಲ್ಲಿ ಕೂತಿದ್ದ ಓಡಿಲ್ ಕಣ್ಣು ಮುಚ್ಚಿ ಇನ್ನೂ ಊದುತ್ತಲೇ ಇದ್ದಳು.